ಜ್ವಾಲಾಮುಖಿಯಲ್ಲಿ ಎಣ್ಣೆಸ್ನಾನ

ಆ ಶುಕ್ರವಾರವೂ ಎಂದಿನಂತೆ ಐದಕ್ಕೆ ಎದ್ದೆ. ದೇವರ ಗೂಡಿನ ಮುಂದೆ ದೀಪ ಹಚ್ಚಿದೆ, ಕಾಫಿ ಫಿಲ್ಟರಿಗೆ ಬಿಸಿನೀರು ಹೊಯ್ದೆ, ಮಹಡಿ ಮೆಟ್ಟಿಲ ತುದಿಯಲ್ಲಿದ್ದ ಕಪಾಟಿನ ಬಾಗಿಲು ತೆರೆದು ಸ್ನಾನದ ನೀರು ಕಾಯಿಸುವ ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಇವತ್ತು ಬೇಡವೆಂಬುದು ಆಗ ನೆನಪಾಯಿತು. ಒತ್ತಲಿಲ್ಲ. ಆ ಸ್ವಿಚ್ಚು ಹಾಕದೆ ಬೆಳಗಾದದ್ದು, ಇಂಗ್ಲಿಷರ ನಾಡಿನಲ್ಲಿ, ವಿಮಾನ ನಿಲ್ದಾಣದ ಪಕ್ಕದ ವಿದನ್‌ಶಾದ ಆ ಮನೆಗೆ ಬಂದ ಮೇಲೆ ಅದೇ ಮೊದಲು. ಅಷ್ಟರಲ್ಲಿ ದಿನದ ಮೊದಲ ವಿಮಾನ ಮನೆಯ ಮೇಲೆ ಹಾದುಹೋಯಿತು. ಅಡುಗೆಮನೆಯಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು.

ಆ ಕಪಾಟಿನೊಳಗಿದ್ದ ತಾಮ್ರದ ಸಿಲಿಂಡರಿನಲ್ಲಿ ಒಂದು ಸಲಕ್ಕೆ ಕಾಯುತ್ತಿದ್ದ ನೀರು ಒಂದೂವರೆ ಸ್ನಾನಕ್ಕೆ ಸಾಲುತ್ತಿತ್ತು. ಉಳಿದ ಅರ್ಧ ಸ್ನಾನ ಯಾರ ಪಾಲಿನದು ಎಂಬುದೇ ನಮ್ಮ ಮನೆಯ ನಿತ್ಯದ ರಾಜಕೀಯ. ಮೈಸೂರಿನ ತಮ್ಮ ಮನೆಯಲ್ಲಿ ಮರದ ಹೊಟ್ಟಿನ ಒಲೆಯ ಮೇಲೆ ಕುದಿಯುವ ಹಂಡೆಯಿಂದ ಮೊಗೆಮೊಗೆದು ಹೊಯ್ದುಕೊಂಡು ಅಭ್ಯಾಸವಾಗಿದ್ದ ನನ್ನ ಅತ್ತೆಗೆ ಇದು ದೊಡ್ಡ ಅವಮಾನ. ಅವರು ಬಂದು ಮೂರು ತಿಂಗಳಾಗಿತ್ತು, ಇನ್ನೂ ಮೂರು ತಿಂಗಳು ಇರುವವರಿದ್ದರು. ಬಂದ ಮೊದಲ ವಾರವೇ ಎಣ್ಣೆಸ್ನಾನಕ್ಕೆ ಕೂತು, ಸೀಗೆಪುಡಿ ಕಲಸಿ ತಲೆಗೆ ಮೆತ್ತಿಕೊಂಡ ಹೊತ್ತಿಗೆ ನೀರು ತಣ್ಣಗಾಗಿ, ನಾನು ಅಡುಗೆಮನೆಯಿಂದ ವಿದ್ಯುತ್ ಕೆಟಲ್ಲಿನಲ್ಲಿ ಸಲಕ್ಕೆ ಒಂದೂಕಾಲು ಸೇರಿನಂತೆ ನೀರು ಕಾಯಿಸಿ ಮೆಟ್ಟಿಲು ಹತ್ತಿ ಇಳಿದು ಐದು ಸಲ ಓಡಾಡಿದ್ದೆ. "ಇಷ್ಟು ದೊಡ್ಡ ದೇಶ ಆಳಿದೋರು, ಒಂದು ಹಂಡೆ ಇಟ್ಕೊಳ್ಳೋಕೆ ಬರಲಿಲ್ವಲ್ಲ" ಎಂದರು, ಕಣ್ಣು ಉಜ್ಜಿಕೊಳ್ಳುತ್ತಾ.

ಅದಕ್ಕಿಂತ ಅವರನ್ನು ಹೆಚ್ಚು ಕಾಡಿದ್ದು ನನ್ನ ಕೂದಲು. "ಏನೇ ಇದು, ತೆಂಗಿನ ನಾರು ಆಗಿದೆ" ಎಂದು ಜಡೆ ಹಿಡಿದು ನೋಡುತ್ತಿದ್ದರು. "ಈ ಊರಿನ ನೀರು ಅತ್ತೆ" ಎನ್ನುತ್ತಿದ್ದೆ. ನೀರೇನೋ ಹೌದು, ಆದರೆ ಮನೆಯ ನಲ್ಲಿಯದಲ್ಲ. ಪ್ರತಿ ಮಂಗಳವಾರ ಸಂಜೆ ನಾನು ಹೆಂಗಸರಿಗೆಂದೇ ಮೀಸಲಾದ ಒಂದು ಗಂಟೆಯಲ್ಲಿ ಪುರಸಭೆಯ ಈಜುಕೊಳಕ್ಕೆ ಹೋಗುತ್ತಿದ್ದೆ. ಕ್ಲೋರಿನ್ನು ನನ್ನ ಕೂದಲನ್ನು ವಾರಕ್ಕಿಷ್ಟು ಎಂದು ತಿನ್ನುತ್ತಿತ್ತು.

ಅತ್ತೆಗೆ ಇದು ಗೊತ್ತಿರಲಿಲ್ಲ. ಬಂದ ಮೊದಲ ಮಂಗಳವಾರ ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ "ಹೊಲಿಗೆ ಕ್ಲಾಸಾ?" ಎಂದು ಕೇಳಿದರು. ನಾನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವಳಂತೆ ಬಗ್ಗಿದೆ, ಅಷ್ಟೆ. ಕಾನ್ವೆಂಟಿನಲ್ಲಿ ನಮಗೆ ನೀತಿಪಾಠ ಹೇಳುತ್ತಿದ್ದ ಸಿಸ್ಟರು, ಆಡಿದ ಸುಳ್ಳಿಗೂ ಆಡದೆ ಉಳಿಸಿಕೊಂಡ ನಿಜಕ್ಕೂ ದೇವರ ಪುಸ್ತಕದಲ್ಲಿ ಒಂದೇ ಪುಟ ಎಂದಿದ್ದರು. ಹನ್ನೆರಡು ಮಂಗಳವಾರ ನಾನು ಆ ಪುಟ ತುಂಬಿಸಿದ್ದೆ. ಮೇಲಾಗಿ ಮಂಗಳವಾರವೂ ಶುಕ್ರವಾರವೂ ಹೆಂಗಸರು ತಲೆಗೆ ಎಣ್ಣೆ ಹಚ್ಚಿಕೊಳ್ಳುವ ದಿನ. "ಮಂಗಳವಾರ ಕೂತ್ಕೋ ಅಂದ್ರೆ ಹೊಲಿಗೆ ಅಂತ ಓಡ್ತೀಯ. ಇಷ್ಟು ದಿನಕ್ಕೆ ಒಂದು ರವಿಕೆನಾದ್ರೂ ಹೊಲಿದು ತೋರಿಸಿದ್ಯಾ" ಎಂದು ಅವರು ಗೊಣಗುವಾಗ ನನಗೆ ನಗುವೂ ಅಳುವೂ ಒಟ್ಟಿಗೇ ಬರುತ್ತಿದ್ದವು.

ನಮ್ಮ ಮನೆಯವರಿಗೆ ಎಲ್ಲ ಗೊತ್ತಿತ್ತು. ಆಸ್ಪತ್ರೆಯಲ್ಲಿ ಜನರ ಎದೆ ಸೀಳಿ ನೋಡುವ ವೈದ್ಯರು ಅಮ್ಮನ ಮುಂದೆ ಮಾತ್ರ ಕೆಮ್ಮಿ ಸುಮ್ಮನಾಗುತ್ತಿದ್ದರು. "ನೀನೇ ಹೇಳು. ಆದ್ರೆ ಅಮ್ಮ ಬೇಡ ಅಂದುಬಿಟ್ರೆ ನಾನು ನಡುವೆ ಬರಲ್ಲ ನೋಡು" ಎಂದಿದ್ದರು. ಅತ್ತೆ ಬೇಡ ಎಂದುಬಿಟ್ಟರೆ ನನ್ನ ಮಂಗಳವಾರಗಳು ಅಲ್ಲಿಗೆ ಮುಗಿದವು ಎಂಬುದು ನನಗೆ ತಿಳಿದಿತ್ತು. ಸೆಪ್ಟೆಂಬರಿನಿಂದ ಆಳದ ಕಡೆಯ ಗುಂಪು ಶುರುವಾಗುವುದಿತ್ತು. ಉದ್ದನೆ ಕೋಲು ಹಿಡಿದು ದಡದಲ್ಲಿ ಓಡಾಡುವ ನಮ್ಮ ಟೀಚರು, ಕಾಲು ನೆಲಕ್ಕೆ ತಾಗದ ಕಡೆ ಈಜುವೆನೆಂದು ಒಪ್ಪಿದವರ ಹೆಸರನ್ನಷ್ಟೇ ಬರೆದುಕೊಳ್ಳುತ್ತಿದ್ದರು. ನಾನು ಹೆಸರು ಕೊಟ್ಟಿರಲಿಲ್ಲ. ಅಲ್ಲಿಯವರೆಗೆ ನಾನು ಈಜಿದ್ದೆಲ್ಲ, ಹೆಬ್ಬೆರಳ ತುದಿಗೆ ನೆಲ ಸಿಗುವಷ್ಟು ನೀರಿನಲ್ಲಿಯೇ.

ಸರೋವರದ ಸುದ್ದಿ ತಂದವಳು ನನ್ನ ಧಾರವಾಡದ ಗೆಳತಿ. ಎರಡು ಬೀದಿ ಆಚೆಗಿದ್ದಳು, ವಿಮಾನ ನಿಲ್ದಾಣದ ಅಂಗಡಿಯೊಂದರಲ್ಲಿ ಕೆಲಸ, ಮಂಗಳವಾರದ ಈಜಿಗೆ ನನ್ನ ಜೊತೆಗಾತಿ. ಕೊಳದಲ್ಲಿ ಯಾರೋ ಪಿಂಚಣಿಯ ಹೆಂಗಸು ಹೇಳಿದ್ದರಂತೆ: ವೇಲ್ಸ್‌ನಲ್ಲಿ ಬೆಟ್ಟದ ಮೇಲೊಂದು ಸರೋವರವಿದೆ, ಜ್ವಾಲಾಮುಖಿಯ ಬಾಯಿಯಲ್ಲಿ ನೀರು ನಿಂತು ಆದದ್ದು, ಯಾರು ಬೇಕಾದರೂ ಇಳಿದು ಈಜಬಹುದು, ಹೋಗಿ ಬರಲು ಒಂದು ಹಗಲು ಸಾಕು. ಇವಳು ಅದನ್ನು ಅತ್ತೆಯ ಮುಂದೆ ಹೇಳಿದಳು. ಅತ್ತೆ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದರು.

"ಜ್ವಾಲಾಮುಖಿ ಅಂದ್ರೆ ಬೆಂಕಿ ಉಗುಳೋದಲ್ವೇನೇ?"

"ಹೌದ್ರಿ ಅವ್ವಾರ, ಅದ."

"ಅದರ ಬಾಯಲ್ಲಿ ನೀರು ನಿಂತಿದೆ."

"ನಿಂತದಂತ."

"ಹಾಗಾದ್ರೆ ಅದು ಹಂಡೆ ಕಣೇ" ಎಂದರು ಅತ್ತೆ.

ಈಗ ನೆನೆಸಿಕೊಂಡರೆ ಆಶ್ಚರ್ಯವಾಗುತ್ತದೆ. ಭೂಗೋಳದಲ್ಲಿ ನೂರಕ್ಕೆ ಎಂಬತ್ತು ತೆಗೆದ ನಾನೂ ಅದನ್ನು ನಂಬಿದೆ. ಬದರಿಗೆ ಹೋದಾಗ ಹಿಮದ ನಡುವೆ ಬಿಸಿನೀರಿನ ಕುಂಡದಲ್ಲಿ ಮಿಂದದ್ದನ್ನು ಅತ್ತೆ ವರ್ಣಿಸಿದ ರೀತಿಗೆ ನಾವು ಮೂವರೂ ಮರುಳಾಗಿಬಿಟ್ಟೆವು. ಒಂದು ಇಡೀ ಸರೋವರದಷ್ಟು ಬಿಸಿನೀರು, ಯಾರೂ ಸ್ವಿಚ್ಚು ಹಾಕಬೇಕಿಲ್ಲ, ಯಾರ ಪಾಲೂ ಅರ್ಧವಲ್ಲ. ಒಂಬತ್ತು ವರ್ಷದ ಮಗಳು ಒಬ್ಬಳೇ ಪುಸ್ತಕದಿಂದ ತಲೆಯೆತ್ತಿ "ಅಮ್ಮಾ, ಇಟ್ಸ್ ಎ ಡೆಡ್ ವೊಲ್ಕೇನೋ" ಎಂದಳು. ನಾನು ಹಾಲು ಕುಡಿ ಎಂದೆ.

ಶಾಲೆಗೆ ರಜೆ ಬಂದಿತ್ತು. ಮನೆಯವರ ಆಸ್ಪತ್ರೆಯ ಪಾಳಿಪಟ್ಟಿಯಲ್ಲಿ ಒಂದು ಶುಕ್ರವಾರ ಬಿಡುವು ಸಿಕ್ಕಿತು. ಶುಕ್ರವಾರವೆಂದರೆ ಎಣ್ಣೆಯ ದಿನ. ಅತ್ತೆಗೆ ಇದು ದೇವರೇ ಕೂಡಿಸಿಕೊಟ್ಟ ಮುಹೂರ್ತ. ಎಣ್ಣೆ ಮನೆಯಲ್ಲಿ, ಸ್ನಾನ ಅಲ್ಲಿ ಎಂದು ತೀರ್ಮಾನವಾಯಿತು. ನಾನು ಮನಸ್ಸಿನಲ್ಲೇ ಇನ್ನೊಂದು ತೀರ್ಮಾನ ಮಾಡಿಕೊಂಡಿದ್ದೆ. ಈ ದಿನ ಅತ್ತೆಯ ಕಣ್ಣೆದುರಿಗೇ ಈಜಿಬಿಡಬೇಕು, ಆಳದಲ್ಲಿ. ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ, ಮಾಡಿ ತೋರಿಸುವುದೇ ಸುಲಭ. ಸಲ್ವಾರಿನ ಒಳಗೆ ನೀಲಿ ಈಜುಡುಗೆಯನ್ನೂ ಮೊಣಕಾಲಿನವರೆಗೆ ಬರುವ ಚಡ್ಡಿಯನ್ನೂ ಬೆಳಿಗ್ಗೆಯೇ ತೊಟ್ಟುಕೊಂಡೆ.

ಆರು ಗಂಟೆಗೆ ಗೆಳತಿ ಬಂದಳು. ಅತ್ತಿಗೆಯನ್ನು ವೈನಿ ಎನ್ನುವ ತನ್ನ ಕಡೆಯ ರೂಢಿಯಂತೆ ನನ್ನನ್ನು ಬಾಗಿಲಲ್ಲೇ ಕೇಳಿದಳು, "ಎಣ್ಣಿ ಕಾಯಿಸೀರೇನು ವೈನಿ? ನಾ ತಲಿ ಬಿಚ್ಚಿಕೊಂಡೇ ಬಂದೇನಿ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾದಿದ್ದರು. ಕೊಬ್ಬರಿ ಎಣ್ಣೆಗೆ ಒಂದಿಷ್ಟು ಹರಳೆಣ್ಣೆ ಬೆರೆಸಿ, ಎರಡು ಕಾಳುಮೆಣಸು ಹಾಕಿ ಬೆಚ್ಚಗೆ ಮಾಡಿದ್ದ ಬಟ್ಟಲು ಅವರ ಪಕ್ಕದಲ್ಲಿತ್ತು. ನಮ್ಮನ್ನು ಒಬ್ಬೊಬ್ಬರನ್ನಾಗಿ ಮಣೆಯ ಮೇಲೆ ಕೂರಿಸಿ, ಹರಸುತ್ತಾ ನೆತ್ತಿಗೆ ಎಣ್ಣೆಯಿಟ್ಟು, ಕಿವಿಯ ಹಿಂದೆ, ಕತ್ತಿಗೆ, ಮುಂಗೈಗೆ, ಹಿಮ್ಮಡಿಗೆ ತಿಕ್ಕಿದರು. ಮಗಳು ಮುಖ ಸಿಂಡರಿಸಿಕೊಂಡೇ ಕೂತಳು. ಕೊನೆಗೆ ತಮ್ಮ ತಲೆಗೆ ಉಳಿದದ್ದನ್ನೆಲ್ಲ ಸುರಿದುಕೊಂಡರು. ಗಂಡಸರಿಗೆ ಶುಕ್ರವಾರ ಎಣ್ಣೆಯಿಲ್ಲವಾದ್ದರಿಂದ ಮನೆಯವರು ಒಣಗಿದ ತಲೆಯಲ್ಲಿ ಕಾರಿನ ಬೀಗದಕೈ ತಿರುಗಿಸುತ್ತಾ ನಿಂತು, "ನಾಲ್ಕು ದೀಪ ಹಚ್ಚಬಹುದು" ಎಂದರು.

ಐಸ್‌ಕ್ರೀಮಿನ ಖಾಲಿ ಡಬ್ಬಗಳಲ್ಲಿ ಪುಳಿಯೋಗರೆ, ಮೊಸರನ್ನ. ಚೀಲದಲ್ಲಿ ಸೀಗೆಪುಡಿ, ಕಡಲೆಹಿಟ್ಟು, ಐದು ಟವೆಲು, ಎರಡು ಸ್ಟೀಲಿನ ಚೊಂಬು. ಸೀಟಿನ ಬೆನ್ನಿಗೆ ಹಳೆ ಪಂಚೆಗಳನ್ನು ಕಟ್ಟಿದೆ, ಎಣ್ಣೆ ಅಂಟದಿರಲೆಂದು. ಮುಂದೆ ಅತ್ತೆ, ಹಿಂದೆ ನಾವು ಮೂವರು.

ಕಾರು ಹೆದ್ದಾರಿ ಹಿಡಿಯುವಷ್ಟರಲ್ಲಿ ಗಾಜುಗಳೆಲ್ಲ ಹಬೆಯಾಡಿದವು. ಆ ವಾಸನೆಯನ್ನು ಹೇಗೆ ಹೇಳಲಿ, ಮದುವೆಮನೆಯ ಬಚ್ಚಲನ್ನು ಚಕ್ರದ ಮೇಲೆ ಇಟ್ಟಂತಿತ್ತು. ಗೆಳತಿ ನನ್ನ ಮುಖ ನೋಡಿದಳು, ನಾನು ಅವಳದನ್ನು. ಹಣೆಯ ಮೇಲಿಂದ ಎಣ್ಣೆಯ ಒಂದು ಎಳೆ ಅವಳ ಹುಬ್ಬಿನೊಳಗೆ ಇಳಿಯುತ್ತಿತ್ತು.

"ಹಂಗ ನೋಡಬ್ಯಾಡ್ರಿ ವೈನಿ."

"ನಾನೇನೂ ನೋಡ್ಲಿಲ್ಲಪ್ಪ."

"ನಗಿಸಿದ್ರ ನಾ ಇಲ್ಲೇ ಇಳೀತೇನಿ ನೋಡ್ರಿ."

ಅಷ್ಟು ಸಾಕಾಯಿತು. ಕಾನ್ವೆಂಟಿನ ಪ್ರಾರ್ಥನಾ ಮಂದಿರದಲ್ಲಿ ಒಬ್ಬಳ ಭುಜ ಅಲುಗಿದರೆ ಸಾಲಿಗೆ ಸಾಲೇ ಅಲುಗುತ್ತಿತ್ತಲ್ಲ, ಅಂಥ ನಗು. ತಡೆದಷ್ಟೂ ಮೂಗಿನಿಂದ ಬರುತ್ತಿತ್ತು. ನಾವೇಕೆ ನಗುತ್ತಿದ್ದೇವೆಂದು ಮಗಳು ಕೇಳಿದಳು, ಹೇಳಲು ಕಾರಣವೇ ಇರಲಿಲ್ಲ, ಅದಕ್ಕೂ ನಕ್ಕೆವು. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ರಸ್ತೆ ನಕ್ಷೆಯ ದೊಡ್ಡ ಪುಸ್ತಕ ತಲೆಕೆಳಗಾಗಿ ಹಿಡಿದು ಕೂತಿದ್ದ ಅತ್ತೆ, "ಎಣ್ಣೆ ನೆತ್ತಿಗೇರಿದೆ, ಏರಲಿ ಬಿಡು" ಎಂದರು ಮಗನಿಗೆ. ಪೆಟ್ರೋಲು ಬಂಕಿನಲ್ಲಿ ಶೌಚಾಲಯಕ್ಕೆಂದು ನಾವು ನಾಲ್ವರೂ ಸಾಲಾಗಿ ಒಳಗೆ ಹೋದಾಗ ಅಲ್ಲಿನ ಹುಡುಗಿ ನಮ್ಮ ತಲೆಗಳನ್ನು ನೋಡಿ, ಹೊರಗೆ ಮಳೆಯೇ ಎಂದು ಕೇಳಿದಳು. ಕಿಟಕಿಯಾಚೆ ಬಿಸಿಲು ಹೊಳೆಯುತ್ತಿತ್ತು. "ಸ್ವಲ್ಪ" ಎಂದೆ ನಾನು ಇಂಗ್ಲಿಷಿನಲ್ಲಿ, ವಿನಯದಿಂದ. ಗೆಳತಿ ಬಿಸ್ಕತ್ತಿನ ಕಪಾಟಿನ ಹಿಂದೆ ಮುಖ ಮರೆಸಿಕೊಂಡಳು.

ಎರಡು ಗಂಟೆಯ ದಾರಿ. ಬೆಟ್ಟಗಳು ಒಂದರ ಹಿಂದೊಂದು ಎದ್ದು ನಿಂತವು, ಕುರಿಗಳು ಕಲ್ಲುಗೋಡೆಯ ಮೇಲೆ ನಿಂತು ನಮ್ಮನ್ನು ನೋಡಿದವು. ಕಾರು ನಿಲ್ಲಿಸಿ ಅಲ್ಲಿಂದ ಅರ್ಧ ಗಂಟೆ ಕಲ್ಲುಹಾಸಿನ ದಾರಿ ಏರಬೇಕು. ಅತ್ತೆ ಸೀರೆಯ ಕೆಳಗೆ ಮಗನ ಆಟದ ಬೂಟು ಹಾಕಿಕೊಂಡು, ಮೇಲೆ ಸ್ವೆಟರು ತೊಟ್ಟು, ಕೈಯಲ್ಲಿ ಚೊಂಬು ಹಿಡಿದು ನಮಗಿಂತ ಮುಂದೆ ನಡೆದರು. ಎದುರಿಗೆ ಇಳಿದು ಬರುತ್ತಿದ್ದವರು ದಪ್ಪ ಬೂಟು, ಬೆನ್ನಿಗೆ ಚೀಲ, ಎರಡೆರಡು ಕೋಲು. ಪ್ರತಿಯೊಬ್ಬರೂ "ಮಾರ್ನಿಂಗ್" ಎನ್ನುವರು, ಅತ್ತೆಯ ಚೊಂಬು ನೋಡುವರು, ನಮ್ಮ ತಲೆ ನೋಡುವರು, ಆಮೇಲೆ ಆಕಾಶ ನೋಡುವರು. ಅತ್ತೆ ಪ್ರತಿಯೊಬ್ಬರಿಗೂ ಚೊಂಬು ಹಿಡಿದ ಕೈಯಿಂದಲೇ ನಮಸ್ಕಾರ ಮಾಡಿದರು.

ಕೊನೆಯ ಏರು ಹತ್ತಿದ ಕೂಡಲೇ ಸರೋವರ ಕಂಡಿತು. ಮೂರು ಕಡೆ ಕಪ್ಪು ಬಂಡೆಯ ಗೋಡೆ, ನಡುವೆ ಕಡುನೀಲಿ ನೀರು. ಜ್ವಾಲಾಮುಖಿಯ ಬಾಯಿ ಎಂದರೆ ಹೀಗೇ ಇರಬೇಕು ಎಂದು ನನಗೂ ಅನ್ನಿಸಿತು.

"ಹೊಗೆ ಎಲ್ಲೋ?" ಎಂದು ಕೇಳಿದರು ಅತ್ತೆ, ಮಗನನ್ನು.

ಮನೆಯವರು ಕೆಮ್ಮಿದರು.

ಅತ್ತೆ ದಡಕ್ಕೆ ಹೋಗಿ ಬಗ್ಗಿ, ಮಗುವಿನ ಸ್ನಾನದ ನೀರು ನೋಡುವಂತೆ ಮೊಣಕೈ ಅದ್ದಿದರು. ಅದ್ದಿದ ಮೊಣಕೈ ಥಟ್ಟನೆ ಹೊರಬಂತು. ಅದನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಾ ಬಹಳ ಶಾಂತವಾಗಿ ಹೇಳಿದರು: "ಫ್ರಿಜ್ಜಿನ ನೀರು."

ಹಸಿರು ಅಂಗಿಯ ಕಾವಲುಗಾರರೊಬ್ಬರು ಅಲ್ಲಿಯೇ ದಾರಿಯ ಕಲ್ಲು ಸರಿಮಾಡುತ್ತಿದ್ದರು. ನಾನು ಹೋಗಿ ವಿಚಾರಿಸಿದೆ. ಬಂಡೆಗಳು ಜ್ವಾಲಾಮುಖಿಯವೇ ಹೌದು, ಆದರೆ ಆ ಬೆಂಕಿ ಆರಿ ಕೋಟ್ಯಂತರ ವರ್ಷಗಳಾದವು. ಈ ಬೋಗುಣಿಯನ್ನು ಕೊರೆದದ್ದು ಬೆಂಕಿಯೂ ಅಲ್ಲ, ಹಿಮ ಎಂದರು. ತುಂಬ ಜನ ಹಾಗೆ ತಿಳಿದುಕೊಳ್ಳುತ್ತಾರೆ ಎಂದು ಸಮಾಧಾನ ಹೇಳಿದರು. ಆಮೇಲೆ ಸೀಗೆಪುಡಿಯ ಚೀಲದ ಮೇಲೆ ಅವರ ಕಣ್ಣು ಬಿತ್ತು. ಏನೆಂದು ಕೇಳಿದರು. ಸೋಪು ಎಂದೆ. ಸರೋವರದಲ್ಲಿ ಸೋಪು ಹಾಕುವಂತಿಲ್ಲ, ಈಜುವುದಾದರೆ ಧಾರಾಳವಾಗಿ ಈಜಿ ಎಂದರು.

ಇದನ್ನೆಲ್ಲ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಸಮಾಧಾನವಾಗಿಯೇ ಕೇಳಿದರು. "ಒಲೆ ಆರಿ ಅಷ್ಟು ಕಾಲ ಆಗಿದ್ರೆ ನೀರು ಬಿಸಿ ಎಲ್ಲಿರತ್ತೆ. ಮೊದಲೇ ಯಾರಾದ್ರೂ ಹೇಳಬಾರದಿತ್ತಾ?"

"ಐ ಡಿಡ್" ಎಂದಳು ಮಗಳು.

ನಾಲ್ಕು ಎಣ್ಣೆತಲೆ, ಮನೆಗೆ ಎರಡು ಗಂಟೆ ದಾರಿ. ಗೆಳತಿ ಮೊದಲು ಕುಸಿದು ಹುಲ್ಲಿನ ಮೇಲೆ ಕೂತಳು, ಹೊಟ್ಟೆ ಹಿಡಿದುಕೊಂಡು. ನಾನು ಅವಳ ಪಕ್ಕದಲ್ಲಿ. ಮನೆಯವರು ಆ ಕಡೆ ತಿರುಗಿ ಬೆಟ್ಟ ನೋಡುತ್ತಿದ್ದರು, ಅವರ ಬೆನ್ನು ಕುಲುಕುತ್ತಿತ್ತು. ಅತ್ತೆ ಒಬ್ಬರೇ ನಗದೆ ಟವೆಲು ಹಾಸಿ ಡಬ್ಬಗಳನ್ನು ಸಾಲಾಗಿ ಜೋಡಿಸಿದರು. ಜೋಡಿಸುತ್ತಾ ಜೋಡಿಸುತ್ತಾ ಅವರ ಬಾಯಿಯ ಮೂಲೆಯೂ ನಡುಗಿತು. "ನನ್ನ ಬೈಯೋಕೆ ನಿಮ್ಮ ಮಾವ ಇರಬೇಕಿತ್ತು ಈಗ" ಎಂದು ಕಣ್ಣೊರೆಸಿಕೊಂಡರು.

ಗೆಳತಿ ಎದ್ದಳು. ಮೇಲಂಗಿ ತೆಗೆದು ಈಜುಡುಗೆಯಲ್ಲಿ ನೇರ ನೀರಿಗೆ ನಡೆದಳು. ಅವಳಿಗೆ ಹೆದರಬೇಕಾದ ಅತ್ತೆಯಿರಲಿಲ್ಲ. ಸೊಂಟದವರೆಗೆ ಹೋಗಿ ತಿರುಗಿ ನನ್ನ ಕಡೆ ನೋಡಿ, ತುಟಿ ನೀಲಿಯಾದರೂ, "ಏನೂ ಇಲ್ಲರಿ ವೈನಿ, ಬಚ್ಚಲದ ಹಂಗ ಅದ" ಎಂದಳು. ದಡದಿಂದ ಆಚೆಗೆ, ನಮ್ಮ ಬೀದಿಯ ಮೂಲೆಯಿಂದ ಅಂಚೆಪೆಟ್ಟಿಗೆಯವರೆಗಿನಷ್ಟು ದೂರದಲ್ಲಿ, ಒಂದು ಬಿಳಿಬಂಡೆ ನೀರಿನಿಂದ ತಲೆಯೆತ್ತಿತ್ತು. ಅವಳು ಕಣ್ಣಲ್ಲೇ ಅದನ್ನು ತೋರಿಸಿದಳು. ಬಂಡೆಯ ಈಚೆ ನೀರಿನ ಬಣ್ಣ ಹಸಿರಿನಿಂದ ಕಪ್ಪಿಗೆ ತಿರುಗುತ್ತಿತ್ತು. ಅಲ್ಲಿ ನೆಲವಿರುವುದಿಲ್ಲ.

ನನಗೆ ಆಗ ನಗು ನಿಂತಿತ್ತು. ಅತ್ತೆ ಪುಳಿಯೋಗರೆಯನ್ನು ತಟ್ಟೆಗೆ ಹಾಕುತ್ತಿದ್ದರು.

"ಅತ್ತೆ, ನಾನು ನೀರಿಗಿಳೀತೀನಿ."

"ಕಾಲು ತೊಳ್ಕೊಂಡು ಬೇಗ ಬಾ. ಶೀತ ಆಗತ್ತೆ."

"ಕಾಲು ತೊಳೆಯೋಕಲ್ಲ. ಈಜೋಕೆ."

ಚಮಚ ಡಬ್ಬದಲ್ಲೇ ನಿಂತಿತು. "ನಿನಗೆಲ್ಲಿ ಬರತ್ತೆ ಈಜು?"

"ಕಲ್ತಿದೀನಿ. ಮಂಗಳವಾರ ಮಂಗಳವಾರ."

ಅವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಕೂದಲು ನೋಡಿದರು. ಅಲ್ಲಿಂದ ಹಿಂದಕ್ಕೆ ಒಂದೊಂದೇ ಮಂಗಳವಾರ ಎಣಿಸಿಕೊಂಡು ಹೋದದ್ದು ನನಗೆ ಕಾಣುತ್ತಿತ್ತು.

"ಹೊಲಿಗೆ ಅಂದಿದ್ಯಲ್ಲ."

"ಹೊಲಿಗೆ ಅಂದೋರು ನೀವು ಅತ್ತೆ. ನಾನು ಅಲ್ಲ ಅನ್ನಲಿಲ್ಲ."

"ಇವನಿಗೆ ಗೊತ್ತಾ?"

ಮನೆಯವರು ಬೆಟ್ಟದ ತುದಿಯಲ್ಲಿ ಏನನ್ನೋ ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಅತ್ತೆ ಡಬ್ಬದ ಮುಚ್ಚಳ ಹಾಕಿದರು, ಮತ್ತೆ ತೆಗೆದರು, ಮತ್ತೆ ಹಾಕಿದರು. ನಾನು ಹಾಗೆಯೇ ನಿಂತಿದ್ದೆ, ತರಗತಿಯ ಹೊರಗೆ ನಿಲ್ಲಿಸಿದ ಹುಡುಗಿಯಂತೆ. ಕೊನೆಗೆ ನನ್ನ ಕಡೆ ನೋಡದೆಯೇ ಹೇಳಿದರು:

"ಗೊತ್ತಿಲ್ಲದ ನೀರಿಗೆ ಕಾಲು ಮೊದಲು ಇಡಬಾರದು. ಬೊಗಸೆ ನೀರು ತಲೆ ಮೇಲೆ ಹಾಕ್ಕೊಂಡು ಆಮೇಲೆ ಇಳಿ."

ಒಪ್ಪಿಗೆಯೋ ಕೋಪವೋ ಆ ದನಿಯಲ್ಲಿ ತಿಳಿಯಲಿಲ್ಲ. ಸಲ್ವಾರು ಕಳಚಿ ಮಡಿಸಿಟ್ಟೆ. ಮೊಣಕಾಲಿನ ಕೆಳಗೆ ನನ್ನ ಕಾಲು ಅತ್ತೆಯ ಮುಂದೆ ಬೆತ್ತಲಾದದ್ದು ಅದೇ ಮೊದಲಿರಬೇಕು. ದಡದಲ್ಲಿ ಕುಕ್ಕುರುಗಾಲಲ್ಲಿ ಕೂತು ಬೊಗಸೆ ನೀರು ನೆತ್ತಿಗೆ ಹಾಕಿಕೊಂಡೆ. ಎಣ್ಣೆಯ ಮೇಲೆ ಅದು ನಿಲ್ಲದೆ ಗೋಲಿಗೋಲಿಯಾಗಿ ಕತ್ತಿಗೆ ಉರುಳಿತು; ಉಸಿರು ಒಮ್ಮೆ ಎಳೆದು ನಿಂತು ಮತ್ತೆ ಬಂತು. ತಣ್ಣೀರಿಗೆ ಇಳಿಯುವ ಮೊದಲು ಮುಖಕ್ಕೂ ಕತ್ತಿಗೂ ನೀರು ಹಾಕಿಕೊಳ್ಳಿ ಎಂದು ಕೋಲಿನ ಟೀಚರು ಹೇಳುತ್ತಿದ್ದುದೂ ಇದನ್ನೇ. ಇಬ್ಬರೂ ಒಂದೇ ಪಕ್ಷವಾದರಲ್ಲ ಎನ್ನಿಸಿ ಸ್ವಲ್ಪ ಧೈರ್ಯ ಬಂತು.

ಇಳಿದೆ. ಮೊಣಕಾಲು, ತೊಡೆ, ಹೊಟ್ಟೆ. ಹೊಟ್ಟೆಗೆ ನೀರು ತಾಗಿದಾಗ ನನ್ನ ಬಾಯಿಂದ ಬಂದ ಸದ್ದು ಯಾವ ಭಾಷೆಯದೂ ಅಲ್ಲ. ಗೆಳತಿ ನನ್ನ ಕೈ ಹಿಡಿದು ನಾಲ್ಕು ಹೆಜ್ಜೆ ಕರೆದುಕೊಂಡು ಹೋಗಿ ಬಿಟ್ಟಳು. "ನಾ ಬಾಜೂಕ ಇರ್ತೇನಿ. ತಳಾ ನೋಡಬ್ಯಾಡ್ರಿ, ಕಲ್ಲು ನೋಡ್ರಿ."

ಕೈ ಚಾಚಿದೆ, ಕಾಲು ಒದ್ದೆ. ಎದೆಯ ಕೆಳಗೆ ಹಸಿರು ಜಾರಿಹೋಯಿತು. ಹೆಬ್ಬೆರಳು ತಾನಾಗಿಯೇ ಕೆಳಗೆ ಚಾಚಿ ನೆಲ ಹುಡುಕಿತು; ಸಿಗಲಿಲ್ಲ. ಇನ್ನೂ ಚಾಚಿತು, ಸಿಗಲಿಲ್ಲ. ಅಲ್ಲಿ ಏನೂ ಇರಲಿಲ್ಲ, ಬರೀ ತಣ್ಣಗಿನ ಕತ್ತಲೆ, ಮತ್ತು ನಾನು ಮುಳುಗಿರಲಿಲ್ಲ. ಇದು ತಿಳಿದದ್ದೇ ತಡ, ಬೆಳಗಿನಿಂದ ಕಾರಿನಲ್ಲಿ ಬಂದಿದ್ದ ಆ ಹುಚ್ಚುನಗು ನೀರಿನ ನಟ್ಟನಡುವೆ ಮತ್ತೆ ಬಂತು. ನಗುತ್ತಾ ಈಜಲು ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಗುಟುಕು ಸರೋವರ ಕುಡಿದೆ. ಕಬ್ಬಿಣದ ರುಚಿ, ಜೊತೆಗೆ ಕೊಬ್ಬರಿ ಎಣ್ಣೆಯದು. ಹಿಂದಿರುಗಿ ನೋಡಿದರೆ ನನ್ನ ಹಿಂದೆ ನೀರಿನ ಮೇಲೆ ಒಂದು ಸಣ್ಣ ಕಾಮನಬಿಲ್ಲು ತೇಲಿಬರುತ್ತಿತ್ತು. ಹಸಿರು ಅಂಗಿಯವರಿಗೆ ಮನಸ್ಸಿನಲ್ಲೇ ತಪ್ಪಾಯಿತೆಂದೆ.

"ನಗಬ್ಯಾಡ್ರಿ, ಮುಳುಗ್ತೀರಿ" ಎನ್ನುತ್ತಾ ಗೆಳತಿಯೂ ನಗುತ್ತಿದ್ದಳು.

ಬಂಡೆಗೆ ಕೈ ತಾಗಿತು. ಪಾಚಿಯಿಂದ ಜಾರುತ್ತಿತ್ತು. ಅದನ್ನು ಅಪ್ಪಿಕೊಂಡು ದಡದ ಕಡೆ ನೋಡಿದೆ. ಮಗಳು ಎರಡೂ ಕೈ ಬೀಸುತ್ತಿದ್ದಳು. ಅತ್ತೆ ಕೂತಲ್ಲಿ ಇರಲಿಲ್ಲ. ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದರಲ್ಲಿ ಟವೆಲು ಹಿಡಿದು, ದೊಡ್ಡ ಬೂಟುಗಳಲ್ಲಿ ದಡದ ಕಲ್ಲುಗಳ ಮೇಲೆ ನಾನು ಬಂದಷ್ಟು ದೂರ ಸಮಸಮ ನಡೆದು ಬಂದಿದ್ದರು. ನಾನು ವಾಪಸು ಈಜತೊಡಗಿದಾಗ ಅವರೂ ತಿರುಗಿ ನಡೆದರು. ನಾನು ನಿಧಾನಿಸಿದಲ್ಲಿ ನಿಂತರು. ಅವರ ತುಟಿಗಳು ಒಂದೇ ಸಮನೆ ಅಲುಗುತ್ತಿದ್ದವು. ಸ್ತೋತ್ರವೋ ಬೈಗುಳವೋ ಅಷ್ಟು ದೂರದಿಂದ ಹೇಳಲಾಗುತ್ತಿರಲಿಲ್ಲ.

ದಡ ಹತ್ತಿದವಳನ್ನು ಟವೆಲಿನಲ್ಲಿ ಸುತ್ತಿ, ಇನ್ನೊಂದರಿಂದ ತಲೆ ತಿಕ್ಕಿದರು. ಎಣ್ಣೆ ಹಾಗೇ ಇತ್ತು. ಕಿವಿಯೊಳಗಿನ ನೀರನ್ನೂ ಬೆರಳು ಹಾಕಿ ಒರೆಸಿದರು. ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. "ನಾಲಿಗೆ ಕಚ್ಕೋತೀಯ, ಬಾಯಿ ಮುಚ್ಚು" ಎಂದರು. ಅಷ್ಟೇ. ಕೈಗೆ ಪುಳಿಯೋಗರೆಯ ತಟ್ಟೆ ಕೊಟ್ಟರು. ಅಂಥ ರುಚಿಯ ಪುಳಿಯೋಗರೆಯನ್ನು ನಾನು ಮತ್ತೆಲ್ಲೂ ತಿಂದಿಲ್ಲ. ಅವರು ಮತ್ತೇನಾದರೂ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ.

ಹಿಂದಿರುಗುವಾಗಲೂ ಇಲ್ಲ. ನಾವು ಹಿಂದಿನ ಸೀಟಿನಲ್ಲಿ ಬೆಳಗಿನಂತೆಯೇ ಮುಸಿಮುಸಿ ನಗುತ್ತಿದ್ದೆವು. ಪೆಟ್ರೋಲು ಬಂಕಿನ ಹುಡುಗಿಯ ಬಗ್ಗೆ, ಚೊಂಬಿನ ನಮಸ್ಕಾರದ ಬಗ್ಗೆ. ಗೆಳತಿ ಕೋಲಿನ ಟೀಚರಿನಂತೆ ಮಾಡಿ ತೋರಿಸಿದಳು, "ಸೆಪ್ಟೆಂಬರಿಗೆ ಹೆಸರು ಬರಸೂಣು ನಡೀರಿ" ಎಂದು ನನ್ನ ಪಕ್ಕೆ ತಿವಿದಳು. ಆ ಮಾತಿಗೆ ನಾನು ಮುಂದಿನ ಸೀಟಿನ ಕಡೆ ನೋಡಿದೆ. ಪಂಚೆ ಕಟ್ಟಿದ ಸೀಟಿಗೆ ಒರಗಿದ ಅತ್ತೆಯ ತಲೆ ಅಲುಗಲಿಲ್ಲ. ನಿದ್ದೆಯಲ್ಲ, ಕೈಬೆರಳು ಸೆರಗಿನ ಅಂಚನ್ನು ಮಡಿಸುತ್ತಿತ್ತು, ಬಿಡಿಸುತ್ತಿತ್ತು. ಕನ್ನಡಿಯಲ್ಲಿ ಮನೆಯವರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಅವರ ಹುಬ್ಬು ಸ್ವಲ್ಪ ಮೇಲೆ ಹೋಯಿತು. ನನಗೇನು ಗೊತ್ತು ಎಂದು ಅದರ ಅರ್ಥ. ನನ್ನ ಸಂತೋಷ ಮತ್ತು ನನ್ನ ಮಂಗಳವಾರ, ಎರಡನ್ನೂ ಒಂದೇ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ನಾನು ಕೂತಿದ್ದಂತೆ ಇತ್ತು.

ಸಂಜೆಯ ವಾಹನಸಂದಣಿಯಲ್ಲಿ ಸಿಕ್ಕಿ ಮನೆ ಸೇರಿದಾಗ ಆರೂವರೆ. ಬೇಸಿಗೆಯ ಬಿಸಿಲು ಇನ್ನೂ ಹಿತ್ತಿಲಲ್ಲಿತ್ತು. ಗೆಳತಿ ಎಣ್ಣೆತಲೆಯಲ್ಲೇ ತನ್ನ ಮನೆಗೆ ನಡೆದಳು. ನಾನು ಸ್ವಿಚ್ಚು ಹಾಕಿ ನೀರು ಕಾಯಲು ಬಿಟ್ಟೆ. ಅತ್ತೆ ಸ್ನಾನಕ್ಕೆ ಅವಸರ ಮಾಡಲಿಲ್ಲ. "ನೀನು ನೆನೆದಿದೀಯ, ನೀನು ಮೊದಲು ಮಾಡು. ಒಂದೂವರೆನೂ ನಿಂದೇ" ಎಂದು ಹೇಳಿ, ಒದ್ದೆ ಟವೆಲುಗಳನ್ನು ಬುಟ್ಟಿಗೆ ಹಾಕಿಕೊಂಡು ಹಿತ್ತಿಲಿಗೆ ಹೋದರು. ಇದು ಕರುಣೆಯೋ, ವಾದ ಶುರುಮಾಡುವ ಮೊದಲಿನ ಮರ್ಯಾದೆಯೋ ಎಂದು ಬಿಸಿನೀರಿನ ಕೆಳಗೆ ನಿಂತು ಯೋಚಿಸಿದೆ. ಸೀಗೆಪುಡಿಯ ನೊರೆಯಿಲ್ಲದ ಕಂದುನೀರು ಕಾಲ ಸುತ್ತ ಸುತ್ತಿ ಇಳಿಯಿತು. ಅತ್ತೆ ಕೇಳಿದರೆ ಏನು ಹೇಳಬೇಕು ಎಂದು ನಾಲ್ಕು ಮಾತು ಜೋಡಿಸಿಕೊಂಡೆ. ಆರೋಗ್ಯಕ್ಕೆ ಒಳ್ಳೆಯದು, ಬರೀ ಹೆಂಗಸರೇ ಇರುವುದು, ಒಂದೇ ಗಂಟೆ. ನಾಲ್ಕನೆಯದು ನೆನಪಿಗೆ ಬರಲಿಲ್ಲ.

ತಲೆಗೆ ಟವೆಲು ಸುತ್ತಿ ಕೆಳಗೆ ಬಂದಾಗ ಅತ್ತೆ ಹಿತ್ತಿಲಿನಿಂದ ಒಳಗೆ ಬರುತ್ತಿದ್ದರು. ಮುಖ ಸ್ವಲ್ಪ ಕೆಂಪಾಗಿತ್ತು, ಏದುಸಿರು ಬರುತ್ತಿತ್ತು, ಸೆರಗು ಸೊಂಟದಲ್ಲಿತ್ತು. ನನ್ನ ಮುಖ ನೋಡದೆ ದಾಟಿ ಮೆಟ್ಟಿಲು ಹತ್ತಿದರು. ನನ್ನ ಈಜುಡುಗೆಯನ್ನು ಒಣಹಾಕಲು ಹೊರಗೆ ಹೋದೆ. ಟವೆಲುಗಳ ಸಾಲಿನ ಮರೆಯಲ್ಲಿ, ಬೀದಿಯವರಿಗೆ ಕಾಣದಂತೆ ಹಾಕಬೇಕೆಂದು.

ಬೇಲಿಯ ಆಚೆ 'ಹಲೋ' ಎಂದರು ಪಕ್ಕದ ಮನೆಯ ಮುದುಕರು. ಬಸ್ಸು ಓಡಿಸಿ ನಿವೃತ್ತರಾದವರು, ಅತ್ತೆಗೂ ಅವರಿಗೂ ನಡುವೆ ಒಟ್ಟು ಐದು ಇಂಗ್ಲಿಷ್ ಪದಗಳಿದ್ದವು. ಅವರು ಬೀನ್ಸಿನ ಬಳ್ಳಿಗೆ ನೀರು ಬಿಡುತ್ತಿದ್ದರು. ನನ್ನ ಕೈಯಲ್ಲಿದ್ದ ನೀಲಿ ಬಟ್ಟೆಯ ಕಡೆಗೊಮ್ಮೆ ಕಣ್ಣು ಹಾಯಿಸಿದರು.

"ನಿಮ್ಮ ಮಮ್ ಈಗ ತಾನೇ ಹೇಳ್ತಿದ್ರು, ಇಡೀ ಸರೋವರ ಎರಡು ಸಲ ದಾಟಿದ್ರಂತೆ ನೀವು" ಎಂದರು, ಕೊಳವೆಯನ್ನು ಮುಂದಿನ ಪಾತಿಗೆ ತಿರುಗಿಸುತ್ತಾ. "ಹುಲ್ಲಿನ ಮೇಲೆ ಮಲಗಿ ಮಾಡಿ ತೋರಿಸಿದರು ನನಗೆ. ಕೈ ಪರವಾಗಿಲ್ಲ. ಕಾಲು ಮಾತ್ರ ಅವರಿಗೆ ಇನ್ನೂ ಸರಿಯಾಗಿ ಬರ್ತಿಲ್ಲ."